ದಿನದ ಧಮ್ಮ ಚಿಂತನೆ: ಮೊದಲ ಆಸನ ಯಾರಿಗೆ?



ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ನನ್ನ ತಮ್ಮನಿಗೆ ಅಲ್ಲಿನ ಫುಟ್‌ಬಾಲ್ ಹುಚ್ಚು. 2025ರ ಜನವರಿಯಲ್ಲಿ ಫೋನ್ ಮಾಡಿ, "ಅಕ್ಕಾ, ಇದು ನ್ಯಾಯವಾ?" ಎಂದ. ಅವನ ಮೆಚ್ಚಿನ ವೈಕಿಂಗ್ಸ್ ತಂಡ 17 ಪಂದ್ಯಗಳಲ್ಲಿ 14 ಗೆದ್ದಿತ್ತು. ಆದರೂ ಪ್ಲೇಆಫ್ ಪಂದ್ಯಕ್ಕೆ ಆತಿಥೇಯರು 10 ಗೆದ್ದ ರ‍್ಯಾಮ್ಸ್!

ಅಲ್ಲಿನ ನಿಯಮ ಹಾಗಿದೆ. ಎನ್‌ಎಫ್‌ಎಲ್‌ನ 32 ತಂಡಗಳು ನಾಲ್ಕು ನಾಲ್ಕರಂತೆ 8 ಡಿವಿಷನ್‌ಗಳಲ್ಲಿವೆ. ನಾಲ್ಕು ಡಿವಿಷನ್ ಸೇರಿ ಒಂದು ಕಾನ್ಫರೆನ್ಸ್. ಪ್ರತಿ ಕಾನ್ಫರೆನ್ಸ್‌ನಿಂದ 7 ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಮೊದಲ 4 ಸ್ಥಾನ ಡಿವಿಷನ್ ಗೆದ್ದವರಿಗೇ. ಮೇಲಿನ ಸ್ಥಾನದವರಿಗೆ ತವರಿನ ಅಂಗಳ. ವೈಕಿಂಗ್ಸ್ ಮತ್ತು ಲಯನ್ಸ್ ಒಂದೇ ಡಿವಿಷನ್‌ನವರು. ಕೊನೆಯ ಪಂದ್ಯದಲ್ಲಿ ಎದುರಾದಾಗ ಇಬ್ಬರದೂ 14 ಗೆಲುವು. ಗೆದ್ದ ಲಯನ್ಸ್‌ಗೆ ಮೊದಲ ಸ್ಥಾನ, ಸೋತ ವೈಕಿಂಗ್ಸ್‌ಗೆ ಐದನೆಯದು.

"ನಿಯಮ ಮೊದಲೇ ಗೊತ್ತಿತ್ತಲ್ಲೋ" ಎಂದೆ. ಟೀಚರ್ ಉತ್ತರ! ಫೋನ್ ಇಟ್ಟ ಮೇಲೆ ನನಗೇ ಸಮಾಧಾನವಾಗಲಿಲ್ಲ. ಮೊದಲೇ ಗೊತ್ತಿದ್ದ ಮಾತ್ರಕ್ಕೆ ನಿಯಮ ನ್ಯಾಯವಾಗುತ್ತದೆಯೇ? ಊರ ಬಾವಿಯ ನಿಯಮವೂ ಎಲ್ಲರಿಗೂ ಮೊದಲೇ ಗೊತ್ತಿತ್ತು. ಆ ನೋವಿಗೆ ಆಟವನ್ನು ಹೋಲಿಸಬಾರದು, ನಿಜ. ಆದರೆ ಅಲ್ಲಿ ನಮಗೆ ಸಿಕ್ಕ ಉತ್ತರವನ್ನೇ ನಾನು ತಮ್ಮನಿಗೆ ಕೊಟ್ಟಿದ್ದೆ.

ವಿನಯಪಿಟಕದ ಚುಳ್ಳವಗ್ಗದಲ್ಲಿ ಇಂಥದೇ ಪ್ರಶ್ನೆ ಬರುತ್ತದೆ. ಮೊದಲ ಆಸನ, ಮೊದಲ ನೀರು, ಮೊದಲ ಭಿಕ್ಷೆ ಯಾರಿಗೆ? ಕೆಲವರು ಕುಲ ನೋಡಿ ಎಂದರು, ಕೆಲವರು ವಿದ್ಯೆ ನೋಡಿ ಎಂದರು. ಭಗವಾನರು ಯಾವುದನ್ನೂ ಒಪ್ಪದೆ, ಸಂಘದಲ್ಲಿನ ಹಿರಿತನಕ್ಕೆ ಆ ಗೌರವ ಕೊಟ್ಟರು. ಸಾಲಿನ ಕ್ರಮ ಬೇರೆ, ಯೋಗ್ಯತೆ ಬೇರೆ. ಐದನೇ ಸ್ಥಾನ 14 ಗೆಲುವನ್ನು ಅಳಿಸುವುದಿಲ್ಲ. ಕಾಳ್ಗಿಚ್ಚಿನಿಂದಾಗಿ ಆ ಪಂದ್ಯ ಲಾಸ್ ಏಂಜಲಿಸ್ ಬಿಟ್ಟು ಅರಿಝೋನಾದಲ್ಲಿ ನಡೆಯಿತು. ತವರು ಬಿಟ್ಟು ಆಡಿಯೂ ರ‍್ಯಾಮ್ಸ್ 27-9ರಿಂದ ಗೆದ್ದರು.

ಹಾಗಾದರೆ ಪ್ರಶ್ನೆ ಮುಗಿಯಿತೇ? ಇಲ್ಲ. ಅಕ್ಕಪಕ್ಕದವರ ಪೈಪೋಟಿಯಲ್ಲಿ ಗೆದ್ದವರಿಗೆ ಗೌರವ ಸಲ್ಲಲಿ. ಅದಕ್ಕೆ ಪ್ಲೇಆಫ್ ಪ್ರವೇಶ ಸಾಲದೇ, ತವರಿನ ಅಂಗಳವೂ ಬೇಕೇ? ಇದನ್ನು ಕೇಳಿದ್ದು ವೈಕಿಂಗ್ಸ್ ಅಲ್ಲ, ಮೊದಲ ಸ್ಥಾನ ಪಡೆದಿದ್ದ ಲಯನ್ಸ್! ಡಿವಿಷನ್ ಗೆದ್ದವರಿಗೆ ಪ್ರವೇಶ ಇರಲಿ, ಸ್ಥಾನ ಮಾತ್ರ ಗೆಲುವಿನ ಲೆಕ್ಕದಲ್ಲಿ ಸಿಗಲಿ ಎಂದು ಅವರು ಪ್ರಸ್ತಾವ ಇಟ್ಟರು. ಮೇ ತಿಂಗಳಲ್ಲಿ ಹಿಂಪಡೆದರು, ನಿಯಮ ಬದಲಾಗಲಿಲ್ಲ. ಆದರೂ ಕೇಳಿದರಲ್ಲ! ಆ ಒಂದು ಪಂದ್ಯ ಸೋತಿದ್ದರೆ ಐದನೇ ಸ್ಥಾನ ಅವರದೇ ಆಗುತ್ತಿತ್ತು.

ಸೋತಾಗ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಗೆದ್ದ ದಿನವೂ ಅದು ಕಂಡರೆ, ಅಲ್ಲಿ ಕರುಣೆ ಇದೆ. ತಮ್ಮನಿಗೆ ಮತ್ತೆ ಫೋನ್ ಮಾಡಿ ಹೇಳಿದೆ: "ಇವತ್ತಿನ ಆಟ ಇವತ್ತಿನ ನಿಯಮದಂತೆ ಆಡಲಿ. ನಾಳೆಗೆ ನಿಯಮ ಬದಲಿಸಿ ಅಂತ ಕೇಳಲಿ. ಎರಡರಲ್ಲೂ ದ್ವೇಷ ಬೇಡ."

ಇಂದಿನ ಮನನಕ್ಕೆ: ನನಗೆ ಅನುಕೂಲವಾಗಿದೆ ಎಂಬ ಕಾರಣಕ್ಕೇ ನಾನು ಪ್ರಶ್ನಿಸದೆ ಬಿಟ್ಟಿರುವ ನಿಯಮ ಯಾವುದು?

ಎಲ್ಲರಿಗೂ ಮಂಗಳವಾಗಲಿ. 🙏