ನೋಡುವವರ ಋಣ

ನಾಟಕ ನೋಡಿ ಕಣ್ಣೀರು ಸುರಿಸಿದವನು ಹೊರಗೆ ಬಂದ ಮೇಲೆ ಯಾರಿಗಾದರೂ ಏನನ್ನಾದರೂ ಸಲ್ಲಿಸಬೇಕಾಗಿದೆಯೆ? ಟಿಕೆಟ್ಟಿನ ಹಣ ಕೊಟ್ಟಾಯಿತು, ಚಪ್ಪಾಳೆ ತಟ್ಟಿಯಾಯಿತು, ಲೆಕ್ಕ ಚುಕ್ತಾ ಆಯಿತು ಎಂದು ಬಹುಮಂದಿ ಹೇಳಿಯಾರು. ಅತ್ತದ್ದು ಶಕುಂತಲೆಗಾಗಿ; ಶಕುಂತಲೆ ಎಂಬವಳು ಈಗ ಎಲ್ಲಿಯೂ ಇಲ್ಲ; ಇಲ್ಲದವಳಿಗೆ ಸಲ್ಲಿಸುವುದೇನು? ಮಾತು ತರ್ಕಕ್ಕೆ ಸರಿಯಾಗಿದೆ. ಆದರೂ ನಾಲ್ಕೈದು ವರ್ಷಗಳಿಂದ ಥಾಯ್ಲೆಂಡಿನ ಒಂದು ಬಗೆಯ ಧಾರಾವಾಹಿಗಳನ್ನು ಆಸೆಪಟ್ಟು ನೋಡುತ್ತ ಬಂದಿರುವ ನನಗೆ ಈ ಲೆಕ್ಕ ಅಷ್ಟು ಸುಲಭವಾಗಿ ಮುಗಿಯುವಂತೆ ತೋರುವುದಿಲ್ಲ.

ಆ ಧಾರಾವಾಹಿಗಳ ವಸ್ತು ಇಬ್ಬರು ಗಂಡಸರ ಪ್ರೇಮ. ಅಲ್ಲಿಯವರು ಇವನ್ನು ‘ವೈ’ ಧಾರಾವಾಹಿಗಳೆನ್ನುತ್ತಾರೆ. ‘ಯಾವೊಯಿ’ ಎಂಬ ಜಪಾನೀ ಮಾತನ್ನು ಇಂಗ್ಲಿಷಿನಲ್ಲಿ ಬರೆದಾಗ ಮೊದಲು ಬರುವ ಅಕ್ಷರ ಅದು. ಜಪಾನಿನಲ್ಲಿ ಹೆಂಗಸರು ಬಹುಮಟ್ಟಿಗೆ ಹೆಂಗಸರಿಗಾಗಿಯೇ ರಚಿಸಿದ ಚಿತ್ರಕಥೆಗಳಿಂದ ಈ ಬಗೆ ಹುಟ್ಟಿತು. ಥಾಯ್ಲೆಂಡಿನಲ್ಲಿ ಅದು ಅಂತರಜಾಲದ ಕಾದಂಬರಿಗಳಾಗಿ ಬೆಳೆದು, 2014ರಲ್ಲಿ ‘ಲವ್ ಸಿಕ್’ ಎಂಬ ಹೆಸರಿನಿಂದ ಟೆಲಿವಿಷನ್ನಿಗೆ ಬಂತು. 2016ರ ‘ಸೋಟಸ್’ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಗೋಳುಹೊಯ್ದುಕೊಳ್ಳುವ ಪದ್ಧತಿಯ ನಡುವೆ ಅರಳಿದ ಪ್ರೇಮದ ಕಥೆ. 2020ರಲ್ಲಿ ಲೋಕವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ‘ಟುಗೆದರ್’ ಎಂಬುದು ದೇಶದೇಶಗಳ ಮನೆಗಳನ್ನು ಹೊಕ್ಕಿತು. ನಮ್ಮ ಕುವೆಂಪುನಗರದ ಮನೆಗಳನ್ನೂ ಬಿಡಲಿಲ್ಲ.

ಇವುಗಳಲ್ಲಿ ಅರ್ಧಕ್ಕೆ ಮಿಕ್ಕಿ ಜಾಳು ಎಂಬುದನ್ನು ಅಭಿಮಾನಿಯಾದ ನಾನೇ ಹೇಳಬೇಕು. ನಾಯಕ ನಾಯಕನನ್ನು ಅಪ್ಪಿಕೊಳ್ಳಬೇಕಾದ ಗಳಿಗೆಯಲ್ಲಿ ಒಬ್ಬನ ಕೈಯಲ್ಲಿ ಯಾವುದೋ ಕಂಪನಿಯ ತಿಂಡಿಯ ಪೊಟ್ಟಣ ಪ್ರತ್ಯಕ್ಷವಾಗುತ್ತದೆ. ‘ನಾನು ಗಂಡಸರನ್ನು ಪ್ರೀತಿಸುವವನಲ್ಲ, ನಿನ್ನೊಬ್ಬನನ್ನು ಮಾತ್ರ’ ಎಂಬ ಧಾಟಿಯ ಮಾತು ಕಥೆಯಿಂದ ಕಥೆಗೆ ತಪ್ಪದೆ ನಡೆದುಬಂದಿದೆ. ಕೇಳುವುದಕ್ಕೆ ಇಂಪಾದರೂ ಅದರ ಒಳಗೆ ಒಂದು ಅಳುಕಿದೆ. ಪ್ರೇಮ ಬೇಕು, ಆ ಪ್ರೇಮದ ಹೆಸರು ಬೇಡ ಎಂಬ ಅಳುಕು.

ಒಳ್ಳೆಯವು ಬೇರೆಯೇ ಜಾತಿಯವು. 2020ರ ‘ಐ ಟೋಲ್ಡ್ ಸನ್‌ಸೆಟ್ ಅಬೌಟ್ ಯೂ’ ಐದೇ ಕಂತಿನದು. ನಡೆಯುವುದು ಫುಕೆಟ್ ದ್ವೀಪದ ಊರಿನಲ್ಲಿ. ಬಾಲ್ಯದ ಗೆಳೆಯರಿಬ್ಬರು ಜಗಳವಾಡಿ ದೂರವಾಗಿರುತ್ತಾರೆ. ವಿಶ್ವವಿದ್ಯಾನಿಲಯದ ಪ್ರವೇಶಕ್ಕಾಗಿ ಚೀನೀ ಭಾಷೆ ಕಲಿಯುವ ತರಗತಿಯಲ್ಲಿ ಮತ್ತೆ ಎದುರುಬದುರಾಗುತ್ತಾರೆ. ಒಬ್ಬ ಇನ್ನೊಬ್ಬನಿಗೆ ಪಾಠ ಹೇಳಿಕೊಡುತ್ತಾನೆ. ಅವನ ತಾಯಿ ನೂಡಲ್ಸ್ ಅಂಗಡಿ ಇಟ್ಟು ಮಕ್ಕಳನ್ನು ಓದಿಸುತ್ತಿರುವಾಕೆ. ಕಷ್ಟಪಟ್ಟು ಗಳಿಸಿದ ತನ್ನ ಸೀಟನ್ನು ಆ ಹುಡುಗ ಗೆಳೆಯನಿಗಾಗಿ ಬಿಟ್ಟುಕೊಟ್ಟದ್ದನ್ನು ಕಂಡು, ಸಿ.ಇ.ಟಿ. ಬರೆದ ಮಕ್ಕಳಿರುವ ಮೈಸೂರಿನ ಯಾವ ತಂದೆತಾಯಿ ತಾನೆ ‘ಅಯ್ಯೋ ಪೆದ್ದೆ!’ ಎನ್ನದೆ ಇದ್ದಾರು? ಆ ‘ಅಯ್ಯೋ’ ಎಂಬುದು ಬಾಯಿಂದ ಹೊರಟಾಗಲೇ ಆ ಹುಡುಗ ನಮ್ಮ ಮನೆಯವನಾದ.

2023ರ ‘ಮೂನ್‌ಲೈಟ್ ಚಿಕನ್’ ಇನ್ನೂ ತಗ್ಗಿದ ದನಿಯ ಕೃತಿ. ಪಟ್ಟಾಯ ಎಂಬ ಕಡಲತೀರದ ಊರಿನಲ್ಲಿ ರಾತ್ರಿಯ ಹೊತ್ತು ಅನ್ನ ಮತ್ತು ಬೇಯಿಸಿದ ಕೋಳಿ ಮಾರುವ ನಡುವಯಸ್ಸಿನವನೊಬ್ಬ ನಾಯಕ. ಅಂಗಡಿ ಮುಚ್ಚುವುದು, ಮೇಜು ಒರೆಸುವುದು, ಸಾಲದ ಚಿಂತೆ, ಇವುಗಳ ನಡುವೆ ಎಡೆ ಸಿಕ್ಕಾಗ ಪ್ರೇಮ. ಅವನ ಮನೆಯಲ್ಲಿ ಬೆಳೆಯುತ್ತಿರುವ ಸೋದರಿಯ ಮಗನಿಗೆ ಕಿವಿ ಕೇಳದ ಒಬ್ಬ ಹುಡುಗನ ಸ್ನೇಹವಾಗುತ್ತದೆ. ಆ ಹುಡುಗನ ಹೆತ್ತವರು ಕೈಸನ್ನೆಯ ಭಾಷೆಯನ್ನು ಕಲಿತಿಲ್ಲ. ಹೊರಗಿನಿಂದ ಬಂದ ಇವನು ಕುಳಿತು ಕಲಿಯುತ್ತಾನೆ. ಪ್ರೇಮನಿವೇದನೆಯ ನೂರು ದೃಶ್ಯಗಳನ್ನು ನೋಡಿದ್ದೇನೆ. ಒಬ್ಬ ಹುಡುಗ ಬೆರಳುಗಳನ್ನು ತಪ್ಪುತಪ್ಪಾಗಿ ಮಡಿಸುತ್ತ ಇನ್ನೊಬ್ಬನ ಭಾಷೆಯನ್ನು ಅಭ್ಯಾಸ ಮಾಡುವ ಆ ದೃಶ್ಯಕ್ಕೆ ಸಮನಾದದ್ದು ನೆನಪಾಗುವುದಿಲ್ಲ.

ಇಲ್ಲಿ ಸಂಪ್ರದಾಯಜ್ಞರು ಒಂದು ಆಕ್ಷೇಪ ಎತ್ತಬಹುದು. ಅನುಚಿತವಾದ ಪ್ರೇಮದಲ್ಲಿ ಶೃಂಗಾರರಸವಿಲ್ಲ, ರಸಾಭಾಸ ಮಾತ್ರ ಎಂಬುದು ನಮ್ಮ ಅಲಂಕಾರಶಾಸ್ತ್ರದ ನಿರ್ಣಯ. ಒಮ್ಮುಖವಾದ ಪ್ರೇಮ, ಗುರುಪತ್ನಿಯಲ್ಲಿ ಪ್ರೇಮ, ಪಶುಪಕ್ಷಿಗಳ ಪ್ರೇಮ, ಇವೆಲ್ಲ ಆ ಪಟ್ಟಿಗೆ ಸೇರಿದವು. ಗಂಡಸು ಗಂಡಸನ್ನು ಪ್ರೀತಿಸುವುದನ್ನೂ ಅಲ್ಲಿಗೇ ತಳ್ಳಿದರೆ ಮುಗಿಯಿತಲ್ಲ! ಆದರೆ ಔಚಿತ್ಯಕ್ಕೆ ಅಳತೆ ಯಾವುದು ಎಂದು ಕೇಳಿದರೆ ಶಾಸ್ತ್ರವೇ ಲೋಕದ ಕಡೆಗೆ ಕೈತೋರುತ್ತದೆ. ಲೋಕದ ಔಚಿತ್ಯ ಒಂಟಿಕೊಪ್ಪಲು ಪಂಚಾಂಗದಲ್ಲಿ ಅಚ್ಚಾಗಿ ಬರುವ ವಸ್ತುವಲ್ಲ. 1899ರಲ್ಲಿ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಕಾದಂಬರಿಯಲ್ಲಿ ವಿಧವೆಗೆ ಮತ್ತೆ ಮದುವೆ ಮಾಡಿಸಿದಾಗ ಅದು ಎಷ್ಟು ಮನೆಗಳಲ್ಲಿ ಉಚಿತವಾಗಿತ್ತು? ಇಂದು ಆ ಮದುವೆಯನ್ನು ಆಭಾಸವೆನ್ನುವ ಓದುಗನೇ ನಮಗೆ ಆಭಾಸವಾಗಿ ಕಾಣುತ್ತಾನೆ. ಮೈಸೂರಿನ ಅರಮನೆಯ ನಾಟಕಮಂಡಲಿಗಾಗಿ ಬಸವಪ್ಪಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಿಸಿಕೊಟ್ಟ ಕಾಲವನ್ನು ನೆನೆಯಿರಿ. ಕಂಪನಿ ನಾಟಕಗಳ ಮೊದಲ ದಶಕಗಳಲ್ಲಿ ಹೆಣ್ಣಿನ ಪಾತ್ರವನ್ನು ಸಾಮಾನ್ಯವಾಗಿ ಹಾಕುತ್ತಿದ್ದವರು ಗಂಡಸರು. ದುಷ್ಯಂತನೂ ಗಂಡಸು, ಶಕುಂತಲೆಯೂ ಗಂಡಸು. ಸಭೆ ಮಾತ್ರ ಒಮ್ಮನಸ್ಸಿನಿಂದ ಕಣ್ಣೊರೆಸಿಕೊಳ್ಳುತ್ತಿತ್ತು. ಅದು ವೇಷದ ಮಾತು, ಇದು ನಿಜದ ಮಾತು ಎಂದು ವ್ಯತ್ಯಾಸ ತೋರಿಸಬಹುದು, ನಿಜವೇ. ಕಣ್ಣಿಗೆ ಅದರಿಂದ ತೊಡಕೇನೂ ಆಗಲಿಲ್ಲವೆಂಬುದಷ್ಟೇ ನಾನು ಹೇಳುವುದು.

ಆ ಪಟ್ಟಿಯಲ್ಲಿರುವ ಪಕ್ಷಿಗಳ ವಿಚಾರವಂತೂ ನನಗೆ ಯಾವಾಗಲೂ ನಗು ತರಿಸುತ್ತದೆ. ಪಕ್ಷಿಗಳ ಪ್ರೇಮ ಬರಿಯ ಆಭಾಸವಾದರೆ ತಮಸಾತೀರದಲ್ಲಿ ವಾಲ್ಮೀಕಿ ಮರುಗಿದ್ದು ಯಾವುದಕ್ಕೆ? ಅದು ಶೋಕ, ಶೃಂಗಾರವಲ್ಲ ಎಂದು ಪಂಡಿತರು ತಿದ್ದಿಯಾರು. ಇರಲಿ. ಪ್ರೇಮ ಸಾಚಾ ಆಗಿರದಿದ್ದರೆ ಅಗಲಿಕೆಗೆ ಅಷ್ಟು ಬೆಲೆ ಎಲ್ಲಿಂದ ಬಂತು? ಇನ್ನೊಂದು ಸಂಗತಿ: ಆ ಆದಿಕವಿ ನೋಡಿ, ಮರುಗಿ, ಆಶ್ರಮಕ್ಕೆ ನಡೆದುಬಿಡಲಿಲ್ಲ. ಬೇಡನ ಕಡೆಗೆ ತಿರುಗಿ ಮಾತನಾಡಿದ.

ನಾವು ತಿರುಗುವುದಿಲ್ಲ. ಇಲ್ಲಿಯೇ ನನ್ನ ಪ್ರಶ್ನೆ ಗಟ್ಟಿಯಾಗುವುದು.

ಸರಸ್ವತೀಪುರಂನಲ್ಲಿ ನನಗೆ ಪರಿಚಿತರಾದ ನಿವೃತ್ತ ಅಧ್ಯಾಪಿನಿಯೊಬ್ಬರಿದ್ದಾರೆ. ಈ ಧಾರಾವಾಹಿಗಳಲ್ಲಿ ನನಗಿಂತ ಒಂದು ಕೈ ಮೇಲೆ. ‘ಮೂನ್‌ಲೈಟ್ ಚಿಕನ್’ ಅನ್ನು ಮೂರು ಬಾರಿ ನೋಡಿದವರು, ಕೋಳಿಯನ್ನು ಮುಟ್ಟದ ಮನೆಯವರಾದರೂ! ಅವರ ಮಹಡಿಯ ಮನೆ ಖಾಲಿಯಾದಾಗ ಬಾಡಿಗೆಗೆ ಕೇಳಿಕೊಂಡು ಇಬ್ಬರು ಯುವಕರು ಬಂದರು. ಇಬ್ಬರೂ ಒಳ್ಳೆಯ ಕೆಲಸದಲ್ಲಿರುವವರು, ಮಾತು ಮೃದು. ‘ಅಣ್ಣತಮ್ಮಂದಿರೇನಪ್ಪಾ?’ ಎಂದು ಈಕೆ ಕೇಳಿದರು. ‘ಇಲ್ಲ ಆಂಟಿ, ಸ್ನೇಹಿತರು’ ಎಂದ ಒಬ್ಬ. ಇನ್ನೊಬ್ಬ ನೆಲ ನೋಡಿದ. ಹತ್ತಾರು ಧಾರಾವಾಹಿ ನೋಡಿದ ಕಣ್ಣಿಗೆ ಆ ನೋಟದ ಅರ್ಥ ಆಗದಿರುತ್ತದೆಯೆ? ಆಕೆಗೆ ಮನೆ ಕೊಡಬೇಕೆಂದೇ ಇತ್ತು. ಆದರೆ ರಾತ್ರಿ ಅವರ ಯಜಮಾನರು ಹೇಳಿದರಂತೆ: ‘ಟೀವೀಲಿ ನೋಡೋದು ಬೇರೆ ಕಣೇ, ಮಹಡಿ ಮೇಲೆ ಇಟ್ಕೊಳ್ಳೋದು ಬೇರೆ.’ ಮರುದಿನ ಹುಡುಗರಿಗೆ, ಫ್ಯಾಮಿಲಿಯವರಿಗೆ ಮಾತ್ರ ಕೊಡುವುದೆಂದು ತಿಳಿಸಿದ್ದಾಯಿತು. ಆಕೆ ಈ ಮಾತನ್ನು ನನ್ನೊಡನೆ ಹೇಳಿಕೊಂಡಾಗ ಅವರ ದನಿ ಸರಿಯಾಗಿರಲಿಲ್ಲ. ‘ಆ ಇನ್ನೊಬ್ಬ ಹುಡುಗ ಥ್ಯಾಂಕ್ಸ್ ಆಂಟಿ ಅಂದ’ ಎಂದರು, ಅದನ್ನೇ ಎರಡು ಸಲ.

ಇವರನ್ನು ಕಪಟಿ ಎಂದು ಕರೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಧಾರಾವಾಹಿ ನೋಡಿ ಆಕೆ ಸುರಿಸಿದ ಕಣ್ಣೀರು ನಿಜವಾದದ್ದೇ. ಯಜಮಾನರ ವಾಕ್ಯವೂ ತಿಳಿದೋ ತಿಳಿಯದೆಯೋ ದೊಡ್ಡ ತತ್ತ್ವವೊಂದನ್ನು ಹೇಳಿದೆ. ನೋಡುವುದು ಬೇರೆಯಾಗಿರುವುದರಿಂದಲೇ ಅದು ರಸ. ರಂಗದ ಮೇಲಿನ ಸುಖದುಃಖ ನನ್ನದೂ ಅಲ್ಲ, ನನ್ನ ಶತ್ರುವಿನದೂ ಅಲ್ಲ, ಮಿತ್ರನದೂ ಅಲ್ಲ. ಎಲ್ಲರದೂ ಆಗಿ ಅದು ತೋರಬೇಕು. ಭಟ್ಟನಾಯಕ ಇದನ್ನು ಸಾಧಾರಣೀಕರಣವೆಂದ. ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿದವನಿಗೆ ರಸಾಸ್ವಾದ ದಕ್ಕದೆಂದು ಅಭಿನವಗುಪ್ತ ಅದನ್ನು ವಿಘ್ನಗಳ ಲೆಕ್ಕಕ್ಕೆ ಸೇರಿಸಿದ. ನಮ್ಮೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು ಈ ವಿಚಾರವನ್ನು ಬಹಳ ದೂರ ಬೆಳೆಸಿದರು. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1954ರಲ್ಲಿ, ಮೈಸೂರಿನ ಕಾವ್ಯಾಲಯ ಪ್ರಕಟಿಸಿದ ‘ಆರ್ಟ್ ಎಕ್ಸ್‌ಪೀರಿಯೆನ್ಸ್’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ಅವರ ನಿಲುವು ಸ್ಪಷ್ಟವಾಗಿದೆ. ಕಲಾನುಭವ ಮುಕ್ತಿಯ ಅನುಭವಕ್ಕೆ ಹತ್ತಿರದ್ದು, ಏಕೆಂದರೆ ಅಲ್ಲಿ ‘ನಾನು’, ‘ನನ್ನದು’ ಎಂಬುದು ಸ್ವಲ್ಪ ಹೊತ್ತು ಕರಗುತ್ತದೆ. ಆದರೆ ಕಾರಣವಾದ ವಸ್ತು ಸರಿದೊಡನೆ ಅನುಭವವೂ ಸರಿಯುತ್ತದೆ. ಮುಕ್ತಿಗೆ ಜ್ಞಾನ ಬೇಕು, ಶೀಲದ ಸಾಧನೆ ಬೇಕು. ಕಲೆ ಆ ಸಾಧನೆಯನ್ನು ಕೇಳದೆಯೇ ಅದರ ರುಚಿ ತೋರಿಸಿಬಿಡುತ್ತದೆ. ಮಹಡಿಯ ಮನೆಯ ಪ್ರಸಂಗಕ್ಕೆ ಇದಕ್ಕಿಂತ ನಿಖರವಾದ ವ್ಯಾಖ್ಯಾನ ನನಗೆ ಗೊತ್ತಿಲ್ಲ. ಪಟ್ಟಾಯದ ಅಂಗಡಿಯವನ ಮುಂದೆ ಆಕೆಗೆ ‘ನನ್ನದು’ ಎಂಬುದಿರಲಿಲ್ಲ. ಹುಡುಗರು ಗೇಟು ತೆರೆದುಕೊಂಡು ಬಂದ ಕೂಡಲೇ ನನ್ನ ಮನೆ, ನನ್ನ ಬೀದಿ, ನನ್ನ ನಾದಿನಿ ಏನೆಂದಾಳು ಎಂಬುವೆಲ್ಲ ಸಾಲಾಗಿ ಎದ್ದು ನಿಂತವು.

‘ನನ್ನದು’ ಎಂಬುದು ರಸಿಕತೆಯನ್ನು ಕೆಡಿಸುವ ಇನ್ನೊಂದು ದಾರಿಯೂ ಇದೆ, ಅದನ್ನೂ ಹೇಳಿಬಿಡಬೇಕು. ತೆರೆಯ ಮೇಲೆ ಪ್ರೇಮಿಗಳಾದ ನಟರಿಬ್ಬರು ತೆರೆಯ ಹೊರಗೂ ಪ್ರೇಮಿಗಳಾಗಿಯೇ ಇರಬೇಕೆಂದು ಹಟ ಹಿಡಿಯುವ ಅಭಿಮಾನಿಗಳು ಲಕ್ಷಗಟ್ಟಲೆ ಇದ್ದಾರೆ. ತಯಾರಕರೂ ಜೋಡಿಯನ್ನು ಜೋಡಿಯಾಗಿಯೇ ಸಭೆಗಳಲ್ಲಿ ಮೆರೆಸಿ, ಜಾಹೀರಾತಿಗೆ ಒದಗಿಸಿ ಆ ಹಟಕ್ಕೆ ಹಾಲೆರೆಯುತ್ತಾರೆ. ಅವರಲ್ಲೊಬ್ಬ ಹುಡುಗಿಯೊಡನೆ ಕಾಣಿಸಿಕೊಂಡರೆ ಬಯ್ಗುಳದ ಮಳೆ. ಇಬ್ಬರು ಗಂಡಸರ ಪ್ರೇಮಕ್ಕೆ ಸ್ವಾತಂತ್ರ್ಯ ಬೇಕೆನ್ನುವವರೇ ಇನ್ನೊಬ್ಬನ ಪ್ರೇಮವನ್ನು ತಾವು ಗೊತ್ತುಮಾಡಹೊರಡುವುದು ವಿಚಿತ್ರ. ಇದು ದಸರಾ ಬೊಂಬೆಗಳ ಪಟ್ಟದ ಜೋಡಿಯನ್ನು ನಮಗೆ ತೋಚಿದಂತೆ ಕೂರಿಸುವ ಆಟ, ಜೀವವಿರುವವರೊಡನೆ ಆಡತಕ್ಕದ್ದಲ್ಲ.

ಇದಕ್ಕೆಲ್ಲ ದೂರವೇ ಕಾರಣ ಎನಿಸುತ್ತದೆ. ಬ್ಯಾಂಕಾಕ್ ದೂರ, ಭಾಷೆ ದೂರ, ನಡುವೆ ಇಂಗ್ಲಿಷ್ ಸಬ್‌ಟೈಟಲ್ಲಿನ ಪರದೆ. ಕನ್ನಡದಲ್ಲಿ ಇಂಥ ಬದುಕಿನ ಕಥೆ ಇಲ್ಲದಿಲ್ಲ. ವಸುಧೇಂದ್ರರ ‘ಮೋಹನಸ್ವಾಮಿ’ ಸಂಕಲನ 2013ರಲ್ಲಿಯೇ ಬಂತು. ಆದರೆ ಥಾಯ್ ಹುಡುಗನಿಗಾಗಿ ಅಳುವ ನನ್ನ ಪರಿಚಿತರಲ್ಲಿ ಹಲವರು ಮೋಹನಸ್ವಾಮಿಯನ್ನು ನಾಲ್ಕು ಪುಟಕ್ಕೇ ಕೆಳಗಿಟ್ಟಿದ್ದಾರೆ. ‘ಬಹಳ ಹಿಂಸೆಯಾಗುತ್ತೆ’ ಎನ್ನುತ್ತಾರೆ. ಆಗದೆ ಇರುತ್ತದೆಯೆ? ಮೋಹನಸ್ವಾಮಿ ನಮ್ಮ ಮಾತನ್ನೇ ಆಡುತ್ತಾನೆ. ಅವನಿಗಾಗುವ ಅವಮಾನದಲ್ಲಿ ನಮ್ಮ ಮನೆಯ ಹಜಾರದಲ್ಲಿ ಕೇಳಿಬಂದ ನಗುವಿದೆ. ದೂರ ಎಂಬುದು ನಮ್ಮನ್ನು ‘ನನ್ನದು’ ಎಂಬುದರಿಂದ ಬಿಡಿಸುತ್ತದೆ, ಹೌದು. ಅದೇ ದೂರ ನಮ್ಮನ್ನು ನಮ್ಮ ಪಾಲಿನ ಹೊಣೆಯಿಂದಲೂ ಬಿಡಿಸಿಬಿಡುತ್ತದೆ. ಮೊದಲನೆಯದನ್ನು ರಸವೆಂದು ಮೆಚ್ಚುವವರು ಎರಡನೆಯದನ್ನೂ ಕಣ್ತೆರೆದು ನೋಡಬೇಕಷ್ಟೆ.

ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಮದುವೆಯನ್ನು ಸರ್ಕಾರ ದಾಖಲು ಮಾಡಿಕೊಳ್ಳುತ್ತಿದೆ. ಧಾರಾವಾಹಿಗಳಿಂದಲೇ ಇದಾಯಿತೆಂದು ಕೆಲವು ಅಭಿಮಾನಿಗಳು ಹೆಮ್ಮೆಪಡುತ್ತಾರೆ. ಗಾಳಿ ಬೀಸುವುದಕ್ಕೆ ಅವು ನೆರವಾಗಿರಬಹುದು. ಕಾನೂನು ಆದದ್ದು ಹತ್ತು ವರ್ಷಕ್ಕೂ ಮಿಕ್ಕಿ ಮನವಿ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆದವರಿಂದ. ನಮ್ಮಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ಇಂಥ ಪ್ರೇಮ ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ತಾನು ಕೊಡಲಾರೆ, ಅದು ಶಾಸನಸಭೆಯ ಕೆಲಸ ಎಂದಿತು. ಅಪರಾಧವಲ್ಲ, ಮದುವೆಯೂ ಅಲ್ಲ, ಹಾಗಾದರೆ ಏನು? ‘ಸ್ನೇಹಿತರು ಆಂಟಿ.’

2021-22ರ ‘ಬ್ಯಾಡ್ ಬಡ್ಡಿ’ಯ ಕೊನೆಯ ಬಗ್ಗೆ ಚಿಕ್ಕವರೊಡನೆ ನನಗೆ ಈಗಲೂ ವಾದವಿದೆ. ಅಕ್ಕಪಕ್ಕದ ಎರಡು ಮನೆಗಳಿಗೆ ಹಳೆಯ ದ್ವೇಷ. ಎರಡೂ ಮನೆಯ ಗಂಡುಮಕ್ಕಳು ಪ್ರೇಮಿಗಳು. ವರ್ಷಗಳು ಕಳೆಯುತ್ತವೆ. ಹುಡುಗರು ಒಟ್ಟಿಗಿರುವುದು ಹೆತ್ತವರಿಗೆ ಗೊತ್ತು. ಗೊತ್ತಿರುವುದು ಹುಡುಗರಿಗೂ ಗೊತ್ತು. ಆದರೂ ಎದುರಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದು ಹೇಡಿತನದ ಮುಕ್ತಾಯ ಎನ್ನುತ್ತಾರೆ ಚಿಕ್ಕವರು. ನನಗೆ ಹಾಗೆನ್ನಿಸುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತಿರುವ ಕಲೆಯಲ್ಲಿ ಮೈಸೂರಿನ ಮನೆಗಳನ್ನು ಮೀರಿಸುವವರಿಲ್ಲ. ಅದರಲ್ಲಿ ಕ್ರೌರ್ಯವಿರುವಂತೆ ಕೆಲವೊಮ್ಮೆ ಒಂದು ಬಗೆಯ ದಾಕ್ಷಿಣ್ಯವೂ ಇರುತ್ತದೆ. ಯಾವುದು ಯಾವುದೆಂದು ತಿಳಿಯಲು ಒಂದೇ ಪರೀಕ್ಷೆ ನನಗೆ ತೋರುತ್ತದೆ. ಆ ಧಾರಾವಾಹಿಯ ಹೆತ್ತವರು ಬಾಯಿ ತೆರೆಯಲಿಲ್ಲ, ನಿಜ. ಮಕ್ಕಳನ್ನು ಮನೆಯಿಂದ ಹೊರಕ್ಕೂ ಹಾಕಲಿಲ್ಲ.