ಚೌಡಿಕೆಗೆ ಕಟ್ಟಿದ ಮುತ್ತು

ಮಾರಾಟಕ್ಕಿಟ್ಟ ವಸ್ತುವನ್ನು ಒಪ್ಪಿದ ಬೆಲೆ ಕೊಟ್ಟು ಕೊಂಡವನು ಯಾರಿಗೂ ಋಣಿಯಲ್ಲ ಎಂಬುದು ಲೋಕದ ನ್ಯಾಯ. ಬದುಕಿನುದ್ದಕ್ಕೂ ಮಕ್ಕಳಿಗೆ ಲಾಭ–ನಷ್ಟದ ಲೆಕ್ಕ ಕಲಿಸಿದ ನಾನೂ ಹಾಗೆಯೇ ನಂಬಿದ್ದೆ. ಎರಡು ವರ್ಷಗಳ ಹಿಂದೆ ಸೊಲ್ಲಾಪುರದ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಚೌಡಿಕೆಯನ್ನು ಕೊಂಡಂದಿನಿಂದ ಆ ನಂಬಿಕೆ ಸಡಿಲವಾಗಿದೆ.

ನಮ್ಮ ಗಡಿಭಾಗದ ಹಿರಿಯರಿಗೆ ಚೌಡಿಕೆಯನ್ನು ಪರಿಚಯಿಸಬೇಕಾಗಿಲ್ಲ. ಕಿರಿಯರಿಗಾಗಿ ಎರಡು ಮಾತು. ಅದು ಸವದತ್ತಿ ಎಲ್ಲಮ್ಮನ ಜೋಗತಿಯರ ವಾದ್ಯ. ಕೊಳಗದಂತಹ ಒಡಲು, ಅದರ ಒಂದು ಬಾಯಿಗೆ ಚರ್ಮದ ಹೊದಿಕೆ. ಚರ್ಮದ ನಟ್ಟನಡುವಿನಿಂದ ಹೊರಟ ತಂತಿಯನ್ನು, ಒಡಲಿಗೆ ಜೋಡಿಸಿದ ಕೋಲಿನ ತುದಿಯಲ್ಲಿರುವ ಬಿರಡೆಗೆ ಬಿಗಿದಿರುತ್ತಾರೆ. ಎಡ ಕಂಕುಳಲ್ಲಿ ಇರುಕಿಕೊಂಡು ಬಲಗೈಯ ಕಡ್ಡಿಯಿಂದ ತಂತಿಯನ್ನು ಮೀಟಿದರೆ ಶ್ರುತಿಯೂ ಅದರಿಂದಲೇ, ತಾಳವೂ ಅದರಿಂದಲೇ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಗುಡ್ಡಕ್ಕೆ ಹೊರಡುತ್ತಿದ್ದ ಬಂಡಿಗಳ ಸಾಲಿನಲ್ಲಿ ಅದರ ನಾದವನ್ನು ಕೇಳುತ್ತ ಬೆಳೆದವರು ನಾವು. ಮರಾಠಿ ಬಂಧುಗಳು ಅದನ್ನೇ ಚೌಂಡಕ ಎನ್ನುತ್ತಾರೆ. ಆ ವಾದ್ಯಕ್ಕೆ ಯಾವ ಆಯೋಗವೂ ಗಡಿ ಹಾಕಲಿಲ್ಲ.

ಕವಡೆ, ಗೆಜ್ಜೆಗಳ ಸಿಂಗಾರವುಳ್ಳ ಚೌಡಿಕೆಗಳನ್ನು ನಾನು ಕಂಡಿದ್ದೆ. ಇದರ ಸಿಂಗಾರವೇ ಬೇರೆ. ಒಡಲ ಸುತ್ತ ನಡುವೆ ತೂತಿರುವ ಹಳೆಯ ಪೈಸೆಗಳನ್ನು, ಅಂದರೆ 1943ರಿಂದ 1947ರವರೆಗೆ ಟಂಕಿಸಿದಂಥವನ್ನು, ದಾರದಲ್ಲಿ ಪೋಣಿಸಿದ್ದರು. ಕೋಲಿನ ಕತ್ತಿಗೆ ಕೆಂಪು ಬಿಳಿ ಮಣಿಗಳ ಒಂದು ಸರವನ್ನು ಬಿಗಿಯಾಗಿ ಸುತ್ತಿದ್ದರು. ಅಂಗಡಿಯವನು 1,200 ರೂಪಾಯಿ ಹೇಳಿದ. ನಾನು 800ಕ್ಕೆ ಇಳಿಸಿದೆ. ಒಳ್ಳೆಯ ವ್ಯಾಪಾರವಾಯಿತೆಂದು ಹಿಗ್ಗುತ್ತ ಮನೆಗೆ ತಂದೆ.

ನಮ್ಮ ಮನೆಯವರು ಅದನ್ನು ಮುಟ್ಟಲಿಲ್ಲ. ದೂರದಿಂದಲೇ ನೋಡಿ, “ಇದು ಸಿಂಗಾರ ಅಲ್ರೀ, ಯಾರದೋ ಕೊರಳಾಗಿನ ಮುತ್ತು” ಎಂದರು.

ಮುತ್ತು ಕಟ್ಟುವುದು ಎಂದರೇನೆಂದು ನಮ್ಮಲ್ಲಿ ಯಾರಿಗೆ ತಿಳಿಯದು? ಇನ್ನೂ ತಿಳಿವಳಿಕೆ ಬಾರದ ಹುಡುಗಿಯ ಕೊರಳಿಗೆ ಆ ಸರ ಬಿದ್ದರೆ ಅವಳ ಮದುವೆ, ಓದು, ಆಯ್ಕೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿದ್ದವು. ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ಇದರ ವಿರುದ್ಧ ಕಾಯ್ದೆಯಾಗಿತ್ತು. ಕರ್ನಾಟಕದ ಕಾಯ್ದೆ 1982ರದು, ಮಹಾರಾಷ್ಟ್ರದ ಹೊಸ ಕಾಯ್ದೆ 2005ರದು. ಕಾಯ್ದೆಗಳ ನಡುವಿನ ಆ ದೀರ್ಘ ವರ್ಷಗಳಲ್ಲಿ ನಾನು ಶಿಕ್ಷಕನಾಗಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ಅಕ್ಕಲಕೋಟೆ ಕಡೆಯ ಒಂದು ಹಳ್ಳಿ. ಆರನೆಯ ಇಯತ್ತೆಯ ಒಬ್ಬ ಹುಡುಗಿ ಹುಣ್ಣಿಮೆಯ ಜಾತ್ರೆಗೆ ಹೋದವಳು ಒಂದು ತಿಂಗಳು ಬರಲಿಲ್ಲ. ಆಮೇಲೆ ಎರಡು ದಿನ ಬಂದಳು. ಕೊರಳಲ್ಲಿ ಮುತ್ತು ಇತ್ತು. ಮೂರನೆಯ ದಿನದಿಂದ ಮತ್ತೆ ಬರಲಿಲ್ಲ. ನಿಯಮದಂತೆ “ಸತತ ಗೈರುಹಾಜರಿ” ಎಂದು ಬರೆದು ಹಾಜರಿ ಪಟದಿಂದ ಅವಳ ಹೆಸರನ್ನು ಕಡಿಮೆ ಮಾಡಿದೆ. ಅದೇ ವರ್ಗಕ್ಕೆ ನಾಗರಿಕಶಾಸ್ತ್ರ ಕಲಿಸುತ್ತಿದ್ದವನೂ ನಾನೇ. ಅವಳ ಮನೆ ಶಾಲೆಯಿಂದ ಕೂಗಳತೆಯಲ್ಲಿತ್ತು. ಪರಸ್ಥಳದ ಮಾಸ್ತರನು ಊರವರನ್ನು ಎದುರು ಹಾಕಿಕೊಳ್ಳಬಾರದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನೇ ಹೊರತು ಆ ಮನೆಯ ಬಾಗಿಲಿಗೆ ಹೋಗಲಿಲ್ಲ.

ಚೌಡಿಕೆಯ ಮೇಲಿನ ಮುತ್ತು ಅವಳದೇ ಎಂದು ನಾನು ಹೇಳುತ್ತಿಲ್ಲ. ಹಾಗಾಗುವುದು ಕಥೆಗಳಲ್ಲಿ ಮಾತ್ರ. ಆದರೆ ಅದು ಯಾರೋ ಒಬ್ಬಳದು. ದಾರವನ್ನು ಕತ್ತರಿಸಿರಲಿಲ್ಲ, ಗಂಟನ್ನು ಬಿಚ್ಚಿ, ತಾಳ್ಮೆಯಿಂದ ಮತ್ತೆ ಗಂಟು ಹಾಕಿದ್ದರು. ದೇವಿಯ ಗುರುತನ್ನು ದೇವಿಯ ವಾದ್ಯಕ್ಕೇ ಒಪ್ಪಿಸಿ ಅವಳು ಬಿಡುಗಡೆ ಹೊಂದಿದಳೋ, ಕೊರಳು ಸೋತ ಮೇಲೆ ವಾದ್ಯವಾದರೂ ಹೊತ್ತಿರಲಿ ಎಂದಳೋ?

ಅಂಗಡಿಗೆ ಮತ್ತೆ ಹೋದೆ. “ಮನಿ ಖಾಲಿ ಮಾಡೋರು ಕೊಟ್ಟು ಹೋದರು ಮಾಸ್ತರ್ರ. ಮುದುಕಿ ತೀರಿಕೊಂಡಿದ್ದಳು. ಮೊಮ್ಮಗಳಿಗೆ ಪುಣೆದಾಗ ನರ್ಸ್ ನೌಕರಿ ಸಿಕ್ಕೈತಂತ. ಪಾತ್ರೆ ಪಗಡ ಎಲ್ಲಾ ಕೂಡಿ ಕೊಟ್ಟಷ್ಟು ತಗೊಂಡಳು, ಚೌಕಾಶಿ ಮಾಡಲಿಲ್ಲ” ಎಂದ.

ಚೌಕಾಶಿ ಮಾಡಿದವನು ನಾನು. ಆ ಹುಡುಗಿ ಮರೆಯಬಯಸಿದ್ದನ್ನು ನಾನು ಗೋಡೆಗೆ ತೂಗುಹಾಕಬಯಸಿದ್ದೆ. ಅವಳಿಗೆ ಕಳೆದುಕೊಳ್ಳುವ ಹಕ್ಕಿತ್ತು, ನನಗೆ ಕೊಳ್ಳುವ ಹಕ್ಕಿತ್ತು. ಆದರೆ ವ್ಯಾಪಾರ ನಡೆದಾಗ ಅಲ್ಲಿ ಇಲ್ಲದಿದ್ದವಳು ಒಬ್ಬಳಿದ್ದಳು. ಅವಳ ಪಾಲು ಯಾವ ಬೆಲೆಯಲ್ಲೂ ಸೇರಿರಲಿಲ್ಲ. ಎಂಟುನೂರರ ಬದಲು ಎಂಟು ಸಾವಿರ ಕೊಟ್ಟಿದ್ದರೂ ಅದು ಅಂಗಡಿಯವನಿಗೆ ಸಲ್ಲುತ್ತಿತ್ತು.

ಹಾಗಾದರೆ ಇಂಥವನ್ನೆಲ್ಲ ಹೊಳೆಗೆ ಬಿಡಬೇಕೇ? ಹಾಗೆನ್ನುವ ಮಿತ್ರರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಅದು ಸರಿಯೇ. ನೋವನ್ನು ಉಂಡವರೇ ಆ ಕಲೆಯನ್ನು ಕಟ್ಟಿದ್ದಾರೆ. ಅದನ್ನು ಎಸೆದರೆ ಅವರ ದುಡಿಮೆಯನ್ನೂ ಎಸೆದಂತೆ. ನನ್ನ ತಕರಾರು ಇಷ್ಟೇ: ಸಮ್ಮೇಳನಗಳಲ್ಲಿ “ಜಾನಪದ ಸಂಪತ್ತು” ಎಂದು ನಾವು ಉದ್ಗರಿಸುವಾಗ ಆ ಸಂಪತ್ತಿಗೆ ಯಾರ ಬಾಲ್ಯ ಖರ್ಚಾಯಿತೆಂಬ ಲೆಕ್ಕವನ್ನು ಬಿಟ್ಟುಬಿಡುತ್ತೇವೆ. ಚೆಲುವನ್ನು ನೋಡುವ ಕಣ್ಣಿಗೆ ಲೆಕ್ಕವೂ ಕಾಣಬೇಕು.

ಈ ಸಮ್ಮೇಳನದ ಜಾನಪದ ಪ್ರದರ್ಶನಕ್ಕೆ ಚೌಡಿಕೆಯನ್ನು ಕೊಡಬೇಕೆಂದು ಸಂಘದ ಕಾರ್ಯಕರ್ತರು ಮನೆಗೆ ಬಂದು ಕೇಳಿದರು. ಕೊಟ್ಟಿದ್ದೇನೆ. ಮುತ್ತನ್ನು ಬಿಚ್ಚಕೂಡದು, ಯಾರೂ ಅದನ್ನು ಹಿಡಿದು ಛಾಯಾಚಿತ್ರ ತೆಗೆಸಿಕೊಳ್ಳಕೂಡದು ಎಂಬುದು ನಮ್ಮ ಮನೆಯವರ ಷರತ್ತು. ವಾದ್ಯದ ಮುಂದೆ ಇಡುವುದಕ್ಕೆಂದು ಕಾರ್ಯಕರ್ತರು ಒಂದು ಚೀಟಿಯನ್ನು ಬರೆದು ತಂದಿದ್ದರು: “ಅಪರೂಪದ ಅಲಂಕಾರವುಳ್ಳ ಪುರಾತನ ಚೌಡಿಕೆ.” ಪುರಾತನ ಎಂಬುದನ್ನು ಹಾಗೆಯೇ ಬಿಟ್ಟೆ. ಅಲಂಕಾರ ಎಂಬ ಮಾತನ್ನು ಹೊಡೆದುಹಾಕಿ, “ಒಬ್ಬ ಹೆಣ್ಣುಮಗಳ ಮುತ್ತನ್ನು ಕಟ್ಟಿರುವ” ಎಂದು ಬರೆದುಕೊಟ್ಟೆ. ಅವಳ ಹೆಸರೇನು ಸರ್ ಎಂದು ಅವರಲ್ಲಿ ಕಿರಿಯನೊಬ್ಬ ಕೇಳಿದ. ಚೀಟಿಯಲ್ಲಿ ಹೆಸರಿಗೆಂದು ಅರ್ಧ ಸಾಲು ಖಾಲಿ ಬಿಡಿಸಿದ್ದೇನೆ.