ಉಪ್ಪಿನ ಋಣವೂ ನುಡಿಯ ಋಣವೂ

ನಾಡು ಯಾರದು? ಆಳುವವನದೋ, ಆಡುವವರದೋ? ಗದಗಿನ ಸುತ್ತಣ ಜನರಿಗೆ ಈ ಪ್ರಶ್ನೆಯು ಬರಿಯ ತರ್ಕದ ಮಾತಾಗಿರಲಿಲ್ಲ. 1948ಕ್ಕೆ ಮುಂಚೆ ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಒಳಪಟ್ಟಿದ್ದವು. ಕೊಪ್ಪಳದ ಸೀಮೆ ಹತ್ತಿದೊಡನೆ ನಿಜಾಮನ ರಾಜ್ಯ. ಕೆಲವೇ ಹರದಾರಿಗಳ ಬಂಡಿಯ ಹಾದಿಯಲ್ಲಿ ಇಷ್ಟು ಪ್ರಭುತ್ವಗಳು. ಬಂಡಿ ಹೊಡೆಯುವವನ ಮಾತು ಮಾತ್ರ ಒಂದೇ.

ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಈ ಊರನ್ನೂ ಹೆಸರಿಸಿತು. ಅಂಥ ಊರು ಮರಾಠಿ ಮನೆಮಾತಿನ ಪಟವರ್ಧನರ ಆಳಿಕೆಯಲ್ಲಿದ್ದುದು ವಿಧಿಯ ವಿನೋದವೆನ್ನಬೇಕು.

ಹಾಗೆಂದು ಆ ಆಳಿಕೆಯನ್ನು ಪರರ ಬಂಧನವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ನ್ಯಾಯವೇ? ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಈ ಸೀಮೆಯ ಹಳೆಯ ಧರ್ಮ. ಇನಾಮು ಉಂಡವನು, ಕಚೇರಿಯ ಸಂಬಳ ಪಡೆದವನು, ನುಡಿಯ ಹೆಸರಿನಲ್ಲಿ ಒಡೆಯನನ್ನು ತೊರೆಯಬಹುದೇ? ಇಲ್ಲಿ ಒಂದು ಭೇದವನ್ನು ಕಾಣಬೇಕು. ಆ ಅನ್ನವು ಒಡೆಯನು ಉತ್ತು ಬೆಳೆದುದಲ್ಲ. ರೈತನು ಕೊಟ್ಟ ಕಂದಾಯವೇ ಸಂಬಳವಾಗಿ ತಿರುಗಿ ಬಂದುದು. ಆದಕಾರಣ ಋಣವು ಕೊನೆಗೆ ಸಲ್ಲಬೇಕಾದುದು ರೈತನಿಗೆ. ಅವನ ಅಹವಾಲನ್ನು ಅವನ ನುಡಿಯಲ್ಲಿ ಕೇಳಿ, ಅವನಿಗೆ ತಿಳಿಯುವಂತೆ ಉತ್ತರ ಕೊಡುವುದೇ ಅದರ ತೀರುವೆ. 1858ರಲ್ಲಿ ಆಂಗ್ಲರ ಮೇಲೆ ಕತ್ತಿ ಹಿರಿದು ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯನೂ ಮೊದಲು ಅವರ ಚಾಕರಿಯಲ್ಲಿದ್ದವನೇ. ಸರಕಾರದ ಲೆಕ್ಕದಲ್ಲಿ ಅವನು ದ್ರೋಹಿ. ಜನರು ಇಟ್ಟ ಲೆಕ್ಕ ಬೇರೆ.

ಗದಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತವು 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಹಾಡಲ್ಪಟ್ಟಿತು. ಅದು ಹಾರೈಸಿದ ನಾಡು 1956ರ ನವೆಂಬರ 1ರಂದು ಒಂದಾಯಿತು. ಪರನುಡಿಯ ಕಚೇರಿಯ ಮುಂದೆ ನಿಂತು ದಣಿದವರಿಗೆ ತಮ್ಮದೇ ಕಚೇರಿ ಬಂದಿತು. ಇದು ಸಣ್ಣ ಲಾಭವಲ್ಲ.

ಆದರೆ ಲಾಭದೊಡನೆ ಸ್ಥಾನವೂ ಬದಲಾಯಿತೆಂಬುದನ್ನು ಅಭಿಮಾನಿಗಳು ಮರೆಯುವುದುಂಟು. ಕೇಳುತ್ತಿದ್ದವನು ಕೊಡಬೇಕಾದವನಾದನು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವರು; ಅಲ್ಲಿ ಯಾರ ಮನೆಮಾತನ್ನೂ ಕೇಳಿ ಒಳಗೆ ಬಿಡುವುದಿಲ್ಲ. ಕಚೇರಿಯ ಪರಿ ಹಾಗಲ್ಲ. ಶಿರಹಟ್ಟಿ, ಮುಂಡರಗಿಗಳ ಸುತ್ತಣ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಅಲ್ಲಿಯ ಮುದುಕಿಯೊಬ್ಬಳು ಕಾಗದ ಹಿಡಿದು ಬಂದು, ಕನ್ನಡದಲ್ಲಿ ತಡವರಿಸುತ್ತ ನಿಂತಾಗ, ಮೇಜಿನ ಆಚೆ ಕುಳಿತವನು ಈಗ ಪುಲಿಗೆರೆಯ ತಿರುಳುಗನ್ನಡಿಗನೇ.